ನಾಲ್ಕು–ಎಂಟೋ, ಮೂರು–ಆರೋ? ಹಾಯಿದೋಣಿಯ ವಾಚ್ ಎರಡೂ ಮಾಡಿ ನೋಡಿದ್ದು

ನಮ್ಮ ಬೇಕಲದ ಕಡೆ ಮರ್ಚೆಂಟ್ ನೇವಿಯಲ್ಲಿ ದುಡಿದವರು ಜಾಸ್ತಿ. ನನ್ನ ಮಾವನೂ ಅವರಲ್ಲೊಬ್ಬರು. ನಾನು ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಲು ಹೊರಟಾಗ ವಾಚ್ (ಕಾವಲು ಕೂರುವ ಪಾಳಿ) ಬಗ್ಗೆ ಅವರು ಹೇಳಿದ್ದು ಒಂದೇ ಮಾತು: "ನಾಲ್ಕು ಗಂಟೆ ವಾಚ್, ಎಂಟು ಗಂಟೆ ರೆಸ್ಟ್. ಅದನ್ನು ಮಾತ್ರ ಬಿಡಬೇಡ ಮಾರಾಯ."

ಈಗ ಕುಂಬಳೆಯ ಚಿಕ್ಕಮ್ಮನ ಮಗ ಅದೇ ದಾರಿಯಲ್ಲಿ ಹೊರಟಿದ್ದಾನೆ. ಮಾವನ ಈ ನಾಲ್ಕು–ಎಂಟೋ, ಮೂರು ಗಂಟೆ ವಾಚ್, ಆರು ಗಂಟೆ ಬಿಡುವಿನ ಮೂರು–ಆರೋ, ಯಾವುದು ಒಳ್ಳೆಯದು ಅಂತ ದಿನಾ ಕೇಳುತ್ತಾನೆ. ಅವನಿಗಾಗಿಯೇ ಇದನ್ನು ಬರೆದೆ.

ನಮ್ಮದು 12 ಮೀಟರ್ ದೋಣಿ, ಮೂರೇ ಜನ. ಸ್ಪೇನಿನ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ. 21 ದಿನ ಹಿಡಿಯಿತು. ವಾಣಿಜ್ಯ ಮಾರುತ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಗಾಳಿ ಬೆನ್ನಿಗೆ. ಚುಕ್ಕಾಣಿಯನ್ನು ಗಾಳಿಯ ಬಲದಲ್ಲೇ ನಡೆಯುವ ಸಾಧನ ವಿಂಡ್‌ವೇನ್ ನೋಡಿಕೊಳ್ಳುತ್ತದೆ, ಕರೆಂಟೂ ಬೇಡ. ವಾಚ್‌ನಲ್ಲಿರುವವರು ದೋಣಿಗೆ ಕಟ್ಟಿಕೊಳ್ಳುವ ಹಾರ್ನೆಸ್ ಸಿಕ್ಕಿಸಿಕೊಂಡು ಕೂತು ಪ್ರತಿ 15 ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ನೋಡಬೇಕು. 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ವೇಗದ ಹಡಗು ಅಷ್ಟರಲ್ಲಿ 5 ಮೈಲಿ ಬಂದುಬಿಡುತ್ತದೆ.

ಮೊದಲ ಹತ್ತು ದಿನ ಮಾವನ ಲೆಕ್ಕದಲ್ಲೇ ನಡೆದೆವು. ನನಗೆ ಸಿಕ್ಕಿದ್ದು 12ರಿಂದ 4. ದಿನಕ್ಕೆರಡು ಸಲ, ಯಾವತ್ತೂ ಅದೇ ಹೊತ್ತು. ಮೊದಲ ಮೂರು ರಾತ್ರಿ ಕಷ್ಟವಾಯಿತು. ನಾಲ್ಕನೇ ರಾತ್ರಿ ಅಲಾರಂ ಹೊಡೆಯುವ ಮೊದಲೇ ಎಚ್ಚರವಾಯಿತು. ದೇಹಕ್ಕೆ ಗೊತ್ತಾಗಿಬಿಟ್ಟಿತ್ತು. ವಾಚ್ ಮುಗಿಸಿ, ಒದ್ದೆ ಜಾಕೆಟ್ ಕಳಚಿ, ಬಂಕ್‌ನ ಬದಿಗೆ ಬಟ್ಟೆ ಎಳೆದು ಕಟ್ಟಿ ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿದರೆ ಆರೂವರೆ ಗಂಟೆ ಗಟ್ಟಿ ನಿದ್ದೆ.

ಆದರೆ ಮೂರು ಗಂಟೆ ಕಳೆದ ಮೇಲಿನ ಆ ಕೊನೆಯ ಒಂದು ಗಂಟೆ! ಮಾವನ ಹಡಗಿನಲ್ಲಿ ಮುಚ್ಚಿದ ಗಾಜಿನ ಕೋಣೆ ಇತ್ತು. ನಾವು ಬಯಲಲ್ಲಿ, ಗಾಳಿಯಲ್ಲಿ. ಒಂದು ರಾತ್ರಿ ಕಣ್ಣು ಮುಚ್ಚಿಯೇಹೋಗಿತ್ತು. ಹಾರುವ ಮೀನೊಂದು ಡೆಕ್ ಮೇಲೆ ಧಡ್ ಅಂತ ಬಿದ್ದು ಪಟಪಟ ಒದ್ದಾಡಿದಾಗಲೇ ಎಚ್ಚರ. ಟಾರ್ಚ್ ಹಾಕಿದರೆ ಅದರ ಅಗಲ ರೆಕ್ಕೆ ಪ್ಲಾಸ್ಟಿಕ್ ಹಾಳೆಯ ಹಾಗೆ ಹೊಳೆಯುತ್ತಿತ್ತು. ಮೀನನ್ನು ನೀರಿಗೆ ಬಿಟ್ಟೆ. ಕೈ ನಡುಗುತ್ತಿತ್ತು.

ಅದಕ್ಕೇ ಹನ್ನೊಂದನೇ ದಿನ ಬದಲಾಯಿಸಿದೆವು. ಮೂರು ಗಂಟೆ ವಾಚ್, ಆರು ಗಂಟೆ ಬಿಡುವು. ದಿನಕ್ಕೆ ಎಂಟು ಪಾಳಿ, ಮೂರು ಜನ. ಹಾಗಾಗಿ ಹೊತ್ತು ದಿನಾ ಜಾರುತ್ತದೆ. ಇದರಲ್ಲಿ ತೂಕಡಿಕೆ ನಿಜವಾಗಿಯೂ ಕಮ್ಮಿ. ಮೂರು ದಿನಕ್ಕೊಮ್ಮೆ ನಡುರಾತ್ರಿಯಿಂದ ಬೆಳಗ್ಗೆ ಆರರವರೆಗೆ ಬಿಡುವು, ಸರದಿಯಲ್ಲಿ ಒಬ್ಬೊಬ್ಬರಿಗೂ. ಸೂರ್ಯ ಹುಟ್ಟುವುದನ್ನು ಮೂವರೂ ಸರದಿಯಲ್ಲಿ ನೋಡಿದೆವು.

ಆದರೆ ಆರು ಗಂಟೆ ಅಂದರೆ ಆರು ಗಂಟೆ ಅಲ್ಲ. ತಿನ್ನಬೇಕು, ಒಣಗಿಸಿಕೊಳ್ಳಬೇಕು, ಲಾಗ್ (ಪ್ರಯಾಣದ ದಾಖಲೆ) ಬರೆಯಬೇಕು. ನಿದ್ದೆಗೆ ಉಳಿಯುವುದು ನಾಲ್ಕೂವರೆ. ಒಂದು ವಾರದಲ್ಲಿ ನಮಗೆ ಹಸಿವು ಯಾವಾಗ, ನಿದ್ದೆ ಯಾವಾಗ ಅನ್ನುವುದೇ ತಿಳಿಯದಾಯಿತು. ಸಣ್ಣ ಮಾತಿಗೆ ಸಿಟ್ಟು ಬರುತ್ತಿತ್ತು. ಮೊದಲ ಹತ್ತು ದಿನದಲ್ಲಿ ಹಾಗಾಗಿರಲಿಲ್ಲ.

ಊಟದ ಮಾತೂ ಇಲ್ಲೇ ಹೇಳಬೇಕು. ಹೊತ್ತು ಗಟ್ಟಿ ಇದ್ದಾಗ ಕುಚ್ಚಿಲು ಅಕ್ಕಿಯನ್ನು ಕುಕ್ಕರಿನಲ್ಲಿ ಅರ್ಧ ಬೇಯಿಸಿ, ಬಿಸಿ ನೀರಿನ ಜೊತೆ ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿಸಿಡುತ್ತಿದ್ದೆ. ನನ್ನ ವಾಚ್ ಶುರುವಾಗುವಾಗ ಗಂಜಿ ತಯಾರು, ಗ್ಯಾಸೂ ಉಳಿತಾಯ. ಜೊತೆಗೆ ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿ. ಮೂರು–ಆರಿನಲ್ಲಿ ಆ ಲೆಕ್ಕ ತಪ್ಪಿತು. ಬಿಸ್ಕತ್ತು, ಅವಲಕ್ಕಿಯಲ್ಲೇ ಮುಗಿಸುತ್ತಿದ್ದೆವು.

ನನ್ನ ಆಯ್ಕೆ ಮಾವನದ್ದೇ, ಒಂದು ತಿದ್ದುಪಡಿಯ ಜೊತೆ. 12–4 ಒಬ್ಬನ ತಲೆಗೇ ಕಟ್ಟಬಾರದು. ವಾರಕ್ಕೊಮ್ಮೆ ಬದಲಾಯಿಸಿ. ಮಾವನಿಗೆ ಇದನ್ನು ಹೇಳಿದೆ. ಸ್ವಲ್ಪ ಯೋಚಿಸಿ, "ಚಿಕ್ಕ ದೋಣಿಗೆ ಅದು ಸರಿ" ಅಂದರು. ತಮ್ಮಾ, ಮೊದಲ ವಾರದ 12–4 ನೀನೇ ತಗೋ. ಆಗ ಹೇಗೂ ಸರಿಯಾಗಿ ನಿದ್ದೆ ಬರುವುದಿಲ್ಲ. ಫ್ಲಾಸ್ಕ್ ನನ್ನ ಹತ್ತಿರ ಇದೆ, ಹೊರಡುವ ಮೊದಲು ಬಂದು ತಗೊಂಡು ಹೋಗು.