3500 ಕಿಲೋ ಮೋಟರ್‌ಹೋಮ್‌ನ ತೂಕದ ಮಿತಿ ಏರಿಸೋದು: ಬರೀ ಕಾಗದ ಸಾಕಾ, ಏರ್ ಸಸ್ಪೆನ್ಶನ್ನೂ ಬೇಕಾ?

ಮೋಟರ್‌ಹೋಮ್ ಅಂದರೆ ಒಳಗೇ ಮಲಗಿ ಪ್ರವಾಸ ಮಾಡುವ ಮನೆಗಾಡಿ; ತೂಕದ ಮಿತಿ ಅಂದರೆ ನೀರು, ಸಾಮಾನು, ಜನ ಎಲ್ಲ ಸೇರಿ ಅದು ತೂಗಬಹುದಾದ ಗರಿಷ್ಠ. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು 3850 ಕಿಲೋಗೆ. ಅಂದರೆ ಹಿಂದಿನ ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) ಏರ್ ಸಸ್ಪೆನ್ಶನ್, ಅಂದರೆ ಭಾರ ಹೊರುವ ಗಾಳಿ ಚೀಲ ಹಾಕಿಸಿ, ಟೈರ್ ಬದಲಿಸಿ, ತೂಕದ ಮಿತಿ ಬರೆದಿರುವ ಹೊಸ ಪ್ಲೇಟ್ ಅಂಟಿಸಿಕೊಳ್ಳುವುದು. ದುಡ್ಡು ಜಾಸ್ತಿ ಹೋಗುತ್ತದೆ, ಹೋಗಲಿ. ಉಳಿದ ಎರಡು ದಾರಿಗಳಲ್ಲೂ ಓಡಾಡಿ ನೋಡಿದ್ದೇನೆ: 3500ರಲ್ಲೇ ಇದ್ದು ಸಾಮಾನು ಇಳಿಸುವುದು ಒಂದು, ಗಾಡಿಗೆ ಸ್ಪ್ಯಾನರ್ ಮುಟ್ಟಿಸದೆ ಬರೀ ಕಾಗದದಲ್ಲಿ 3650 ಮಾಡಿಸುವುದು ಇನ್ನೊಂದು.

ಗಾಡಿ ಇರುವುದು ಬ್ರಿಟನ್ನಿನಲ್ಲಿ, ಫಿಯಟ್ ಡುಕಾಟೊದ ಹಗುರ ಚಾಸಿ ಮೇಲೆ ಕಟ್ಟಿದ್ದು. ಇಲ್ಲಿ ಮಿತಿ 3500 ದಾಟಿದರೆ ಕಾರಿನ ಸಾಮಾನ್ಯ ಬಿ ಲೈಸೆನ್ಸ್ ಸಾಲದು, ಅದಕ್ಕಿಂತ ಭಾರದ ಗಾಡಿಗಳ ಸಿ1 ಲೈಸೆನ್ಸ್ ಬೇಕು. 1997ರ ಜನವರಿ 1ಕ್ಕೆ ಮುಂಚೆ ಇಲ್ಲಿ ಕಾರ್ ಟೆಸ್ಟ್ ಪಾಸಾದವರಿಗೆ ಸಿ1 ತಾನಾಗಿಯೇ ಇರುತ್ತದೆ. ನನಗಿದೆ. ನಮ್ಮನೆಯವಳಿಗಿಲ್ಲ, ಅವಳಿಗೆ ಇಷ್ಟು ದೊಡ್ಡ ಗಾಡಿ ಓಡಿಸುವ ಆಸೆಯೂ ಇಲ್ಲ. ಹಾಗಾಗಿ ನಮಗೆ ಇದು ತಲೆನೋವಾಗಲಿಲ್ಲ. ಇಬ್ಬರೂ ಸರದಿ ಮೇಲೆ ಓಡಿಸುವವರಾಗಿದ್ದು, ಒಬ್ಬರಿಗೆ ಸಿ1 ಇಲ್ಲದಿದ್ದರೆ, ಮುಂದೆ ಓದುವ ಮೊದಲು ಅದನ್ನು ಯೋಚಿಸಿ.

ಸಾಮಾನು ಇಳಿಸುವ ದಾರಿ ಬಗ್ಗೆ ಹೆಚ್ಚು ಹೇಳೋಕೆ ಏನಿಲ್ಲ. ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕಿದರೆ ಒಂದು ಬ್ಯಾಟರಿಗೆ ಹತ್ತು ಹನ್ನೆರಡು ಕಿಲೋ ಉಳಿಯುತ್ತದೆ. ನಿಜವಾದ ಭಾರ ನೀರಿನದ್ದು, 100 ಲೀಟರ್ ಅಂದರೆ 100 ಕಿಲೋ. ದಿನಾ ಸಂಜೆ ನಲ್ಲಿ ಇರುವ ಕ್ಯಾಂಪ್‌ಸೈಟ್‌ಗೆ ಹೋಗಿ ನಿಲ್ಲುವವರು ಖಾಲಿ ಟ್ಯಾಂಕಲ್ಲೇ ಓಡಾಡಬಹುದು. ನಾವು ಹಾಗಲ್ಲ, ನಲ್ಲಿ ಕರೆಂಟು ಏನೂ ಇಲ್ಲದ ಕಡೆ ಎರಡು ಮೂರು ರಾತ್ರಿ ಇರುವವರು. ನೀರು ಬಿಟ್ಟು ಹೋಗು ಅಂದರೆ ಹೋಗೋದೇ ಬೇಡ ಅನ್ನಿಸುತ್ತದೆ.

ಈಗ ಕಾಗದದ 3650. ಕೇಳೋಕೆ ತುಂಬಾ ಸೊಗಸು. ಗಾಡಿಯ ವಿವರ ಕಳಿಸುತ್ತೀರಿ, ಈ ಕೆಲಸ ಮಾಡುವ ಕಂಪನಿಯವರು ಲೆಕ್ಕ ಹಾಕಿ ಹೊಸ ಪ್ಲೇಟ್ ಮತ್ತು ಪತ್ರ ಕೊಡುತ್ತಾರೆ, ಅದನ್ನಿಟ್ಟು ನೋಂದಣಿ ಪುಸ್ತಕ ತಿದ್ದಿಸಿಕೊಳ್ಳುತ್ತೀರಿ. ಕೆಲವು ನೂರು ಪೌಂಡ್, ಅಷ್ಟೇ. 150 ಕಿಲೋ ಕೈಗೆ ಬಂತು ಅಂತ ಖುಷಿ.

ತೊಂದರೆ ಶುರುವಾಗಿದ್ದು ಗಾಡಿ ತೂಗುವ ವೇಬ್ರಿಡ್ಜ್ ಮೇಲೆ. ನೀರು, ಡೀಸೆಲ್, ಗ್ಯಾಸ್, ಸೈಕಲ್, ನಾವಿಬ್ಬರು, ಎಲ್ಲ ಸೇರಿ ಒಟ್ಟು 3580. 3650ರ ಒಳಗೇ ಇದೆ, ಅಲ್ವಾ? ಆದರೆ ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ತೂಗಿದರೆ 2060! ಪ್ಲೇಟ್ ಮೇಲೆ ಹಿಂದಿನ ಆಕ್ಸಲ್‌ಗೆ ಇರುವುದು 2000. ಮುಂದಿನದಕ್ಕೆ 1850 ಇದೆ, ಅಲ್ಲಿ ಬಿದ್ದಿದ್ದು ಬರೀ 1520. ಅಂದರೆ ಮುಂದೆ ಮುನ್ನೂರು ಕಿಲೋಗೂ ಮೀರಿ ಜಾಗ ಸುಮ್ನೆ ಬಿದ್ದಿದೆ, ಹಿಂದೆ ಕಾನೂನು ಮೀರಿದೆ. ಪೊಲೀಸರು ತಡೆದು ತೂಗಿದರೆ ಒಟ್ಟು ಸರಿಯಿದೆ ಅನ್ನುವ ಮಾತು ನಡೆಯುವುದಿಲ್ಲ, ಪ್ಲೇಟಿನ ಪ್ರತಿ ಸಾಲೂ ಬೇರೆ ಬೇರೆ ಮಿತಿ.

ಇದಕ್ಕೆ ಕಾರಣ ಗಾಡಿಯ ಬಾಲ. ಮೋಟರ್‌ಹೋಮ್ ಕಟ್ಟುವವರು ಮಂಚ, ಗ್ಯಾರೇಜ್ (ಸಾಮಾನು ಇಡುವ ಗೂಡು), ನೀರಿನ ಟ್ಯಾಂಕ್ ಎಲ್ಲವನ್ನೂ ಹಿಂದಿನ ಚಕ್ರದ ಹತ್ತಿರವೋ ಅದರಾಚೆಗೋ ತುರುಕಿರುತ್ತಾರೆ. ಚಕ್ರದ ಆಚೆ ನೇತಾಡುವ ತೂಕ ಏತದ ಹಾಗೆ ಕೆಲಸ ಮಾಡುತ್ತದೆ, ಹಿಂದೆ ಒತ್ತಿ ಮುಂದೆ ಎತ್ತುತ್ತದೆ. ಲೆಕ್ಕ ನೋಡಿ. ಎರಡು ಆಕ್ಸಲ್ ನಡುವೆ 4 ಮೀಟರ್, ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆ ಸೈಕಲ್ ಸ್ಟ್ಯಾಂಡ್. ಸ್ಟ್ಯಾಂಡ್ ಸೈಕಲ್ ಸೇರಿ 60 ಕಿಲೋ ಅಂದುಕೊಳ್ಳಿ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 60 ಅಲ್ಲ, 90. ಆ ಹೆಚ್ಚಿನ 30 ಮುಂದಿನ ಆಕ್ಸಲ್‌ನಿಂದ ಬಂದಿದ್ದು. ಡುಕಾಟೊ ಮುಂದಿನ ಚಕ್ರದಿಂದ ಓಡುವ ಗಾಡಿ, ಮುಂದೆ ಹಗುರಾದರೆ ಒದ್ದೆ ಹುಲ್ಲಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ. ಸಾಮಾನು ಮುಂದಕ್ಕೆ ಸರಿಸಿ ಅಂತಾರೆ. ಡಬ್ಬಿ, ಕುರ್ಚಿ ಸರಿಸಬಹುದು. ಟ್ಯಾಂಕ್ ಸರಿಸೋಕಾಗುತ್ತಾ?

ಒಟ್ಟು ಮಿತಿ ಏರಿದರೂ ಹಿಂದಿನ ಆಕ್ಸಲ್ 2000ದಲ್ಲೇ ಇದ್ದರೆ ನನ್ನಂಥವನಿಗೆ ಆ 150 ಕಿಲೋ ಬ್ಯಾಂಕಲ್ಲಿದ್ದೂ ತೆಗೆಯಲಾಗದ ದುಡ್ಡು. ಹಾಗಾಗಿ ಯಾವ ಕಂಪನಿಗೂ ಫೋನ್ ಮಾಡುವ ಮೊದಲು ಗಾಡಿ ತುಂಬಿಸಿ, ಆಕ್ಸಲ್ ಬೇರೆ ಬೇರೆಯಾಗಿ ತೂಗಿಸಿ. ಖಾಲಿ ಗಾಡಿ ತೂಗಿಸಿ ಏನೂ ಪ್ರಯೋಜನವಿಲ್ಲ. ಹಿಂದೆ ನೂರೈವತ್ತು ಕಿಲೋ ಉಳಿದಿದೆ ಅಂತ ಬಂದರೆ ಕಾಗದದ ದಾರಿಯೇ ನಿಮಗೆ ಸಾಕು.

ನನ್ನ 3850ರಲ್ಲಿ ಬದಲಾಗಿದ್ದು ಇದು: ಹಿಂದಿನ ಆಕ್ಸಲ್ 2240ಕ್ಕೆ ಏರಿತು. ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಗಾಳಿ ಚೀಲ ಹಾಕಿಸಿದ ಮಾತ್ರಕ್ಕೆ ಮಿತಿ ಏರುವುದಿಲ್ಲ, ಗಾಡಿಯ ಹಿಂಭಾಗ ಎತ್ತರವಾಗುತ್ತದೆ ಅಷ್ಟೇ. ಪ್ಲೇಟ್ ಬದಲಾಗಬೇಕು. ಅದಕ್ಕೆ ಟೈರೂ ಒಪ್ಪಬೇಕು. ಹಳೆಯ ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತದೆ ಅನ್ನುವ ಸಂಕೇತ ಸಂಖ್ಯೆ) 109, ಅಂದರೆ ಒಂದಕ್ಕೆ 1030 ಕಿಲೋ, ಜೋಡಿಗೆ 2060. ನನ್ನ ವೇಬ್ರಿಡ್ಜ್ ಚೀಟಿಯಲ್ಲಿದ್ದ ಅದೇ ಸಂಖ್ಯೆ, ಒಂದು ಕಿಲೋ ಕೂಡ ಉಳಿದಿರಲಿಲ್ಲ! ಈಗ ಹಾಕಿರುವುದು 112, ಜೋಡಿಗೆ 2240. ರಿಮ್ ಕೂಡ ಅಷ್ಟು ಹೊರುತ್ತದಾ ಅಂತ ಕೇಳಿಕೊಳ್ಳಿ.

ಓಡಿಸೋಕೆ ಹೇಗಿದೆ? ರೌಂಡ್‌ಅಬೌಟ್‌ನಲ್ಲಿ ವಾಲಾಟ ಕಡಿಮೆ. ಹಡಗು ಹತ್ತುವಾಗ ಬಾಲ ನೆಲಕ್ಕೆ ಉಜ್ಜದ ಹಾಗೆ ಸ್ವಲ್ಪ ಗಾಳಿ ಹೆಚ್ಚಿಸಬಹುದು. ಆಗಾಗ ಒತ್ತಡ ನೋಡಿಕೊಳ್ಳಬೇಕು.

ರಸ್ತೆ ತೆರಿಗೆ ನನಗೆ ಕಡಿಮೆಯೇ ಆಯಿತು, ಬೇರೆ ವರ್ಗಕ್ಕೆ ಸೇರಿದ್ದರಿಂದ. ಗಾಡಿ ಸುಸ್ಥಿತಿಯಲ್ಲಿದೆಯಾ ಅಂತ ನೋಡುವ ವಾರ್ಷಿಕ ಎಂಒಟಿ ಪರೀಕ್ಷೆ ಮೊದಲಿನ ಹಾಗೆ ಕ್ಲಾಸ್ 4, ಲಾರಿ ಟೆಸ್ಟ್‌ಗೆ ಹೋಗಬೇಕಿಲ್ಲ. ಬ್ರಿಟನ್ನಿನ ವೇಗದ ಮಿತಿ ಪ್ಲೇಟ್ ನೋಡುವುದಿಲ್ಲ, ಖಾಲಿ ಗಾಡಿಯ ತೂಕ 3.05 ಟನ್ ದಾಟುತ್ತದಾ ಅಂತ ನೋಡುತ್ತದೆ. ವಿಮೆಯವರಿಗೆ ಬರೆದು ತಿಳಿಸಿ.

ಖರ್ಚು ಕಾಣುವುದು ಯುರೋಪಿಗೆ ಹೋದಾಗ. 3500 ಮೇಲಿದ್ದರೆ ಆಸ್ಟ್ರಿಯಾದಲ್ಲಿ ಟೋಲ್ ಸ್ಟಿಕರ್ ನಡೆಯದು, ಕಿಲೋಮೀಟರ್ ಲೆಕ್ಕದಲ್ಲಿ ಟೋಲ್ ಕಡಿಯುವ ಪೆಟ್ಟಿಗೆ ಇಡಬೇಕು. ಫ್ರಾನ್ಸ್‌ನಲ್ಲಿ ಟೋಲ್ ದರ್ಜೆ ಏರುತ್ತದೆ, ಬ್ಲೈಂಡ್ ಸ್ಪಾಟ್ (ಚಾಲಕನ ಕಣ್ಣಿಗೆ ಬೀಳದ ಜಾಗ) ಎಚ್ಚರಿಕೆಯ ಸ್ಟಿಕರೂ ಅಂಟಿಸಬೇಕು. ಜರ್ಮನಿಯ ಆಟೋಬಾನ್‌ನಲ್ಲಿ ಗಂಟೆಗೆ 100 ಕಿ.ಮೀ. ದಾಟುವಂತಿಲ್ಲ. ನಾನು ಅದಕ್ಕಿಂತ ಜೋರಾಗಿ ಎಂದೂ ಓಡಿಸಿದವನಲ್ಲ, ಟೋಲ್ ರಸ್ತೆ ಹಿಡಿಯುವುದೂ ಅಪರೂಪ. ಪ್ರತಿ ವರ್ಷ ಆಲ್ಪ್ಸ್ ದಾಟುವವರ ಲೆಕ್ಕ ಬೇರೆ ಬರಬಹುದು.

70 ವಯಸ್ಸಾದಾಗ ಸಿ1 ಉಳಿಸಿಕೊಳ್ಳಲು ವೈದ್ಯಕೀಯ ತಪಾಸಣೆ ಮಾಡಿಸಬೇಕು, ನನಗಿನ್ನೂ ಸಮಯವಿದೆ. ಡಾಕ್ಟರ್ ಆಗಲ್ಲ ಅಂದರೆ ಪ್ಲೇಟನ್ನು ಮತ್ತೆ 3500ಕ್ಕೆ ಇಳಿಸಿಕೊಳ್ಳಬಹುದು. ಆಗ ಸೈಕಲ್ ಬಿಡೋದಾ ನೀರು ಬಿಡೋದಾ ಅಂತ ನಮ್ಮಿಬ್ಬರಲ್ಲಿ ಈಗಿನಿಂದಲೇ ಜಗಳ ನಡೆದಿದೆ.