ಟ್ರೇಗೆ ಪಾಸ್, ಬೀಜಕ್ಕೆ ಫೇಲ್: ಮುಂಬಯಿ ಕಿಟಕಿಯಲ್ಲಿ ಒಂದು ‘ಮನೆಯಲ್ಲೇ ಬೆಳೆಯಿರಿ’ ಕಿಟ್

ಬೆಲೆ 649 ರೂಪಾಯಿ. ಒಳಗೆ ಹನ್ನೆರಡು ಗುಳಿಯ ಪ್ಲಾಸ್ಟಿಕ್ ಟ್ರೇ, ಅದಕ್ಕೊಂದು ಪಾರದರ್ಶಕ ಮುಚ್ಚಳ, ಹನ್ನೆರಡು ಕೊಕೊಪೀಟ್ ಬಿಲ್ಲೆ, ಆರು ಬೀಜದ ಪೊಟ್ಟಣ, ಹೆಸರು ಬರೆದು ಚುಚ್ಚಲು ಮರದ ಕಡ್ಡಿ, ಪುಟ್ಟ ಸ್ಪ್ರೇ ಬಾಟಲಿ, ಬಣ್ಣದ ಪುಸ್ತಿಕೆ. ಮಗ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಟ್ರೇ, ಇದೇ ಬಿಲ್ಲೆ ಬೇರೆ ಬೇರೆ ಹೆಸರಿನಲ್ಲಿ ಎಷ್ಟೋ ಕಡೆ ಸಿಗುತ್ತದೆ. ಬೆಲೆ ಮಾತ್ರ ಐವತ್ತು, ನೂರು ಆಚೀಚೆ.

ನಮ್ಮದು ಮುಲುಂಡ್ ಪೂರ್ವದಲ್ಲಿ ನಾಲ್ಕನೇ ಮಹಡಿ. ಬಾಲ್ಕನಿ ಇಲ್ಲ. ಕಿಟಕಿಯಿಂದ ಹೊರಗೆ ಚಾಚಿದ ಗ್ರಿಲ್ ಇದೆ, ನನ್ನ ತೋಟ ಅಷ್ಟೇ. ಬೆಳಗ್ಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ಹನ್ನೊಂದೂವರೆಯ ಮೇಲೆ ನಮ್ಮದೇ ಬಿಲ್ಡಿಂಗಿನ ನೆರಳು. ಕೆಳಗಿನ ಮನೆಯವರ ಬಟ್ಟೆಯ ಮೇಲೆ ಒಂದು ಹನಿ ಕೆಂಪು ನೀರು ಬಿದ್ದರೂ ಸೊಸೈಟಿ ಸೆಕ್ರೆಟರಿಯ ಫೋನ್ ಬರುತ್ತದೆ. ಮುಂಬಯಿಯಲ್ಲಿ ಇಂಥ ಗ್ರಿಲ್ಲಿನಲ್ಲಿ ಗಿಡ ಸಾಕುವವರೇ ಜಾಸ್ತಿ ಅಲ್ವಾ? ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಟ್ರೇ ಗಟ್ಟಿಯಾಗಿದೆ. ಕೆಳಗೆ ನೀರು ಹಿಡಿಯುವ ತಟ್ಟೆ ಇರುವುದರಿಂದ ಹನಿ ಕೆಳಗೆ ಹೋಗುವುದಿಲ್ಲ. ಕೊಕೊಪೀಟ್ ಬಿಲ್ಲೆಗಳೂ ಒಳ್ಳೆಯವೇ. ಬೆಚ್ಚಗಿನ ನೀರು ಹಾಕಿದರೆ ಕಣ್ಣೆದುರೇ ಉಬ್ಬಿ ಎದ್ದು ನಿಲ್ಲುತ್ತವೆ. ಮಕ್ಕಳಿಗಂತೂ ಇದೇ ದೊಡ್ಡ ತಮಾಷೆ. ಮಣ್ಣಿನ ಗಲೀಜು ಇಲ್ಲ, ಎರೆಹುಳ ಕಂಡು ಕಿರುಚುವ ಪ್ರಮೇಯ ಇಲ್ಲ.

ಆದರೆ ಬಿಲ್ಲೆಯ ವಿಷಯದಲ್ಲಿ ಪುಸ್ತಿಕೆ ಎರಡು ಮಾತು ಮುಚ್ಚಿಟ್ಟಿದೆ. ಒಂದು, ಕೊಕೊಪೀಟ್ ಅಂದರೆ ತೆಂಗಿನ ಸಿಪ್ಪೆಯ ಪುಡಿ. ಅದು ನೀರು ಹಿಡಿದಿಡುತ್ತದೆ, ಆದರೆ ಗಿಡಕ್ಕೆ ಅದರಲ್ಲಿ ಊಟ ಇಲ್ಲ ಅನ್ನಬಹುದು. ಮೊಳಕೆಯೊಡೆದಾಗ ಮೊದಲು ಬರುವ ಎರಡು ಎಲೆಗಳು ಬೀಜದೊಳಗೇ ಇದ್ದವು. ಅಲ್ಲಿವರೆಗೆ ಸಸಿ ತನ್ನ ಬುತ್ತಿಯನ್ನೇ ಉಣ್ಣುತ್ತದೆ. ನಿಜವಾದ ಎಲೆ ಮೂಡುವ ಹೊತ್ತಿಗೆ ಬುತ್ತಿ ಖಾಲಿ. ಆಗ ಎರೆಗೊಬ್ಬರ ಬೆರೆಸಿದ ಮಣ್ಣಿಗೆ ಹಾಕದಿದ್ದರೆ ಸಸಿ ಹಳದಿಯಾಗಿ ನಿಂತಲ್ಲೇ ನಿಲ್ಲುತ್ತದೆ. ಎರಡು, ಬಿಲ್ಲೆಯ ಸುತ್ತ ತೆಳ್ಳಗಿನ ಬಲೆ ಇದೆ. ಅದು ಬೇಗ ಕರಗುವಂಥದ್ದಲ್ಲ. ನೆಡುವ ಮೊದಲು ಕತ್ತರಿಯಿಂದ ಸೀಳಿಬಿಡಿ, ಬೇರು ಹೊರಗೆ ಹೋಗಲಿ.

ಇನ್ನು ಬೀಜ. ಚೆರ್ರಿ ಟೊಮೆಟೊ, ದೊಣ್ಣೆ ಮೆಣಸು, ಇಟಾಲಿಯನ್ ಬೇಸಿಲ್, ಲೆಟ್ಯೂಸ್, ಕೊತ್ತಂಬರಿ ಮತ್ತು ‘ಮೈಕ್ರೋಗ್ರೀನ್ಸ್’ (ಅಂದರೆ ಎಳೆ ಸಸಿಯಾಗಿರುವಾಗಲೇ ತಿನ್ನುವ ಸೊಪ್ಪು) ಎಂಬ ಹೆಸರಿನ ಒಂದು ಪೊಟ್ಟಣ.

ಟೊಮೆಟೊ ವಾರದೊಳಗೆ ಬಂತು. ಬೇಸಿಲ್ ಅದಕ್ಕಿಂತ ಬೇಗ. ಬೇಸಿಲ್ ಬರದಿದ್ದರೇ ಆಶ್ಚರ್ಯ, ಅದು ನಮ್ಮ ಕಾಮಕಸ್ತೂರಿಯ ಜಾತಿಯೇ. ನೀರು ತಾಗಿದ ಕೂಡಲೇ ಬೀಜದ ಸುತ್ತ ಲೋಳೆ ಬರುತ್ತದೆ. ಫಾಲೂದಾಕ್ಕೆ ಹಾಕುವ ಸಬ್ಜಾ ಕೂಡ ಇದೇ ಜಾತಿಯ ಬೀಜ. ದೊಣ್ಣೆ ಮೆಣಸು ನಿಧಾನ, ಎರಡು ವಾರ ಹಿಡಿಯುವುದು ಅದರ ಸ್ವಭಾವ. ಗಿಡವೇನೋ ಆಗುತ್ತದೆ. ಆದರೆ ರಾತ್ರಿಯೂ ಸೆಕೆ ಇರುವ ಊರಿನಲ್ಲಿ ಅದು ಹೂ ಬಿಟ್ಟು ಹೂ ಉದುರಿಸುತ್ತಾ ಇರುತ್ತದೆ, ಕಾಯಿ ಕಚ್ಚುವುದು ಕಷ್ಟ. ಮಾರುವವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ.

ಲೆಟ್ಯೂಸ್ ಮಾರ್ಚ್‌ನಲ್ಲಿ ಒಂದೂ ಮೊಳೆಯಲಿಲ್ಲ. ಕಸ್ಟಮರ್ ಕೇರ್‌ಗೆ ಬರೆದೆ. ‘ಹೆಚ್ಚು ನೀರು ಹಾಕಿರಬಹುದು ಮೇಡಂ’ ಎಂದು ಉತ್ತರ ಬಂತು. ನೀರಿನ ಮಾತೇ ಅಲ್ಲ ಇದು. ಲೆಟ್ಯೂಸ್ ತಂಪು ಹವೆಯ ಸೊಪ್ಪು. ತಾಪ 30 ಡಿಗ್ರಿ ದಾಟಿದರೆ ಅದರ ಹೆಚ್ಚಿನ ತಳಿಗಳು ಮೊಳೆಯದೆ ಸುಮ್ನೆ ಮಲಗಿಬಿಡುತ್ತವೆ. ಸತ್ತಿರುವುದಿಲ್ಲ, ಕಾಯುತ್ತಿರುತ್ತವೆ. ಉಳಿದ ಬೀಜವನ್ನು ಬಿಗಿ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟೆ. ಡಿಸೆಂಬರ್ ಕೊನೆಯಲ್ಲಿ ಅದೇ ಪೊಟ್ಟಣದಿಂದ ಹಾಕಿದರೆ ಹಸಿರು ಹಾಸಿದಂತೆ ಬಂತು. ಅಂದರೆ ಬೀಜ ಸರಿ ಇತ್ತು, ಮಾರಿದ ಕಾಲ ತಪ್ಪು. ‘ಮುಂಬಯಿಯವರು ನವೆಂಬರ್ ನಂತರ ಹಾಕಿ’ ಅಂತ ಪೊಟ್ಟಣದ ಮೇಲೆ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ಪುಸ್ತಿಕೆಯಲ್ಲಿ ಬೇರೆಯೇ ಸಾಲಿದೆ: ಕೊನೆಯ ಹಿಮ ಬಿದ್ದ ಮೇಲೆ ಸಸಿಗಳನ್ನು ಹೊರಗಿಡಿ! ಮುಲುಂಡಿನಲ್ಲಿ ಹಿಮಕ್ಕೆ ಕಾದು ಕೂತರೆ ಮೊಮ್ಮಕ್ಕಳ ಮದುವೆಯೂ ಮುಗಿದಿರುತ್ತದೆ. ಯಾವುದೋ ಚಳಿ ದೇಶದ್ದನ್ನು ನೋಡಿ ಬರೆದಿದ್ದಾರೆ. ಎಲ್ಲ ಬೀಜಕ್ಕೂ ಅರ್ಧ ಇಂಚು ಆಳ ಅಂತ ಒಂದೇ ಅಳತೆ ಬೇರೆ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಅನ್ನುವುದು ಎಲ್ಲೆಡೆ ಇರುವ ಲೆಕ್ಕ. ಲೆಟ್ಯೂಸ್‌ಗೆ ಮೊಳೆಯಲು ಬೆಳಕೂ ಬೇಕು. ಅದನ್ನು ಮೇಲೆಯೇ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು, ಹೂಳಬಾರದು.

ಕೊತ್ತಂಬರಿ ಪೊಟ್ಟಣದಲ್ಲಿ ಎಂಟು ಕಾಳು. ಎಂಟೇ! ಅಡುಗೆಮನೆಯ ಡಬ್ಬಿಯಲ್ಲಿ ಅರ್ಧ ಕಿಲೋ ಇದೆ. ತೀರಾ ಹಳೆಯದಲ್ಲದಿದ್ದರೆ ಅದೂ ಮೊಳೆಯುತ್ತದೆ. ಒಂದು ಕಾಳು ಅಂದರೆ ಎರಡು ಬೀಜ. ಚಪಾತಿ ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಬೇಕು. ಕಿಟ್‌ನವರು ಇದನ್ನೂ ಹೇಳಿಲ್ಲ.

‘ಮೈಕ್ರೋಗ್ರೀನ್ಸ್’ ಪೊಟ್ಟಣ ಬಿಚ್ಚಿದರೆ ಮೆಂತೆ. ಅತ್ತೆ ಮೂಸಿ ನೋಡಿ ನಕ್ಕರು. ಮುಂಬಯಿಗೆ ಇದೇನು ಹೊಸ ಸಂಗತಿಯೇ? ಸಮುದ್ರದಂಚಿನ ಮರಳಿನಲ್ಲಿ ಮೆಂತೆ ಹಾಕಿ, ಬೆರಳುದ್ದ ಬಂದಾಗ ಬೇರುಸಮೇತ ಕಿತ್ತು ಪುಟ್ಟ ಪುಟ್ಟ ಕಟ್ಟು ಮಾಡಿ ಮಾರುವ ಸಮುದ್ರ ಮೇಥಿ ಇಲ್ಲಿನ ಮಾರ್ಕೆಟ್‌ಗಳಲ್ಲಿ ಎಷ್ಟು ಕಾಲದಿಂದ ಇದೆ! ಬೇರಿನ ಮರಳು ತೊಳೆಯುವುದೊಂದೇ ರೇಜಿಗೆ. ಮನೆಯಲ್ಲಿ ಕೊಕೊಪೀಟ್‌ನಲ್ಲಿ ಹಾಕಿದರೆ ಆ ರೇಜಿಗೆಯೂ ಇಲ್ಲ.

ನನ್ನ ಮುಖ್ಯ ತಕರಾರು ಪೊಟ್ಟಣದ ಹಿಂಬದಿಯದ್ದು. ರೈತರು ಕೊಳ್ಳುವ ಬೀಜದ ಪ್ಯಾಕೆಟ್ ತಿರುಗಿಸಿ ನೋಡಿ. ತಳಿಯ ಹೆಸರು, ಲಾಟ್ ನಂಬರ್, ಪರೀಕ್ಷೆ ಮಾಡಿದ ತಾರೀಕು, ಎಲ್ಲಿವರೆಗೆ ಬಾಳುತ್ತದೆ, ನೂರಕ್ಕೆ ಎಷ್ಟು ಮೊಳೆಯುತ್ತವೆ, ಎಲ್ಲ ಇರುತ್ತದೆ. 1966ರ ಬೀಜ ಕಾಯ್ದೆ ಬಂದ ಮೇಲೆ ಬೆಳೆದ ಪದ್ಧತಿ ಇದು. ಬೀಜಕ್ಕೆ ಪ್ರಮಾಣಪತ್ರ ಕೊಡುವ ಸರ್ಕಾರಿ ಮಾನದಂಡದಲ್ಲಿ ಟೊಮೆಟೊ, ಬದನೆಗೆ ಕನಿಷ್ಠ ಶೇಕಡಾ 70 ಮೊಳಕೆ, ಬೆಂಡೆ, ಕೊತ್ತಂಬರಿಗೆ 65, ಮೆಣಸಿಗೆ 60. ನನ್ನ ಕಿಟ್‌ನ ಪೊಟ್ಟಣದಲ್ಲಿ ಏನಿತ್ತು? ಮುಂದೆ ಚೆಂದದ ಫೋಟೊ, ಹಿಂದೆ ‘ಪ್ರೀತಿಯಿಂದ ಬೆಳೆಯಿರಿ’. ತಾರೀಕಿಲ್ಲ, ತಳಿಯಿಲ್ಲ.

ಮೆಣಸಿನ ಲೆಕ್ಕವನ್ನೇ ನೋಡಿ. ಶೇಕಡಾ 60 ಅಂದರೆ ಹತ್ತರಲ್ಲಿ ನಾಲ್ಕು ಮೊಳೆಯದಿದ್ದರೂ ಬೀಜ ಪಾಸು. ಹೊಲಕ್ಕೆ ಸಾವಿರಗಟ್ಟಲೆ ಹಾಕುವವರಿಗೆ ಅದು ಸರಿ. ಕಿಟ್‌ನಲ್ಲಿ ಕೊಡುವುದು ಐದು ಬೀಜ. ಎರಡು ಹೋದರೆ, ಉಳಿದದ್ದರಲ್ಲಿ ಒಂದನ್ನು ಪಾರಿವಾಳ ಕಿತ್ತರೆ, ಕೈಯಲ್ಲಿ ಏನುಳಿಯಿತು?

ಪೊಟ್ಟಣವೂ ಬರೀ ಕಾಗದದ್ದು. ಬೀಜದಲ್ಲಿರುವ ತೇವ ಶೇಕಡಾ ಒಂದರಷ್ಟು ಇಳಿದರೆ, ಅಥವಾ ಇಟ್ಟ ಜಾಗದ ತಾಪ 5 ಡಿಗ್ರಿ ಇಳಿದರೆ, ಅದರ ಬಾಳಿಕೆ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ ಅಂತ ಬೀಜ ತಜ್ಞರ ಲೆಕ್ಕ. ಮುಂಬಯಿಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಗೋದಾಮಿನಲ್ಲಿ ಕಾಗದದ ಪೊಟ್ಟಣ ಜುಲೈ, ಆಗಸ್ಟ್ ಕಳೆದರೆ ಒಳಗಿನ ಬೀಜದ ಗತಿ ಏನು? ಅದಕ್ಕೇ ತಾರೀಕು ಬೇಕು ಅನ್ನುವುದು.

ಮುಚ್ಚಳದ ಬಗ್ಗೆಯೂ ಒಂದು ಎಚ್ಚರಿಕೆ. ಮೊಳಕೆ ಕಾಣುವವರೆಗೆ ಅದು ಉಪಯೋಗಿ. ಕಂಡ ಕೂಡಲೇ ತೆಗೆಯಬೇಕು. ಮುಚ್ಚಿಟ್ಟು ಬಿಸಿಲಿನಲ್ಲಿ ಬಿಟ್ಟರೆ ಒಳಗೆ ಸಸಿ ಬೇಯುತ್ತದೆ. ಮಳೆಗಾಲದಲ್ಲಿ ಮುಚ್ಚಿಟ್ಟರೆ ಬುಡ ದಾರದಂತಾಗಿ ಸಸಿಗಳು ಸಾಲಾಗಿ ಮಲಗುತ್ತವೆ. ಅದು ತೇವದಲ್ಲಿ ಬರುವ ಶಿಲೀಂಧ್ರದ ಕೆಲಸ, ಬಂದ ಮೇಲೆ ಆ ಸಸಿ ಉಳಿಯುವುದಿಲ್ಲ. ಗಾಳಿ ಆಡಲಿ, ನೀರು ಮೇಲಿಂದ ಬೇಡ, ಕೆಳಗಿನ ತಟ್ಟೆಗೆ ಹಾಕಿ. ಸ್ಪ್ರೇ ಬಾಟಲಿ ಅಂತೂ ಇಸ್ತ್ರಿಗೆ ಬಹಳ ಚೆನ್ನಾಗಿದೆ.

ಇದಾದ ಮೇಲೆ ಬೀಜಕ್ಕೆ ಭಾಯಖಳಕ್ಕೇ (ಬೈಕಲಾ) ಹೋಗುತ್ತಿದ್ದೇನೆ. ಮುಲುಂಡಿನಿಂದ ಸ್ಲೋ ಟ್ರೈನ್ ಹಿಡಿದರೆ ನೇರ. ರಾಣಿ ಬಾಗ್ ಮೃಗಾಲಯದ ಕಡೆಗೆ ಹೋದರೆ ಬೀಜ, ಗೊಬ್ಬರ, ಕುಂಡ ಮಾರುವ ಅಂಗಡಿಗಳಿವೆ. ನಾನು ಹೋಗುವ ಅಂಗಡಿಯವರು ಏನು ಬೇಕು ಅಂತ ಕೇಳುವ ಮೊದಲು ‘ಊನ್ ಕಿತೀ ತಾಸ್ ಯೇತಂ?’ ಅಂತ ಕೇಳುತ್ತಾರೆ. ಎಷ್ಟು ಗಂಟೆ ಬಿಸಿಲು ಬೀಳುತ್ತದೆ ಎಂದು ಹೇಳಿದ ಮೇಲೆಯೇ ಪ್ಯಾಕೆಟ್ ಎತ್ತಿಕೊಡುವುದು. ಮೂರು ಗಂಟೆ ಅಂದೆ. ಟೊಮೆಟೊ ಬೀಜವನ್ನು ವಾಪಸ್ ಇಟ್ಟುಬಿಟ್ಟರು! ಕೆಂಪು ಹರಿವೆ, ಪಾಲಕ್, ಮೆಂತೆ ಒಯ್ಯಿರಿ, ಸೊಪ್ಪಿಗೆ ಅಷ್ಟು ಬಿಸಿಲು ಸಾಕು ಅಂದರು. ಪಾಲಕ್ ಮಾತ್ರ ಚಳಿಗೆ ಹಾಕಿ ಅಂತ ಕೂಡ ಹೇಳಿದರು. ಸಣ್ಣ ಪ್ಯಾಕೆಟ್‌ಗೆ ಮೂವತ್ತು ರೂಪಾಯಿ, ಹಿಂದೆ ತಾರೀಕು ಇದೆ, ಕಾಳು ನೂರಾರು. ಅಂಗಡಿ ಇಕ್ಕಟ್ಟು, ಗೊಬ್ಬರದ ವಾಸನೆ, ಶನಿವಾರ ಸಂಜೆಯ ರಶ್ಶಿನಲ್ಲಿ ಮಾತಿಗೆ ಪುರುಸೊತ್ತಿಲ್ಲ. ಬೆಳಗ್ಗೆ ಹೋಗಿ. ನರ್ಸರಿಯವರು ಬಳಸುವ 98 ಗುಳಿಯ ಪ್ರೋಟ್ರೇ ಕೂಡ ಅಲ್ಲಿ ಸಿಕ್ಕಿತು, ಕಿಟ್‌ನ ಟ್ರೇ ಮುಂದೆ ಅದರ ಬೆಲೆ ಏನೂ ಅಲ್ಲ. ಕತ್ತರಿಯಿಂದ ನಾಲ್ಕು ತುಂಡು ಮಾಡಿಕೊಂಡೆ.

ಕೆಲವು ಬೀಜಕ್ಕೆ ಗುಲಾಬಿ ಅಥವಾ ಹಸಿರು ಬಣ್ಣ ಬಳಿದಿರುತ್ತದೆ. ಅದು ಶಿಲೀಂಧ್ರಕ್ಕೆ ಹಾಕಿದ ಮದ್ದು. ಮಕ್ಕಳ ಕೈಗೆ ಕೊಡಬೇಡಿ, ಉಳಿದರೆ ಅಡುಗೆಗೆ ಬಳಸಲೇಬೇಡಿ.

ಹರಿವೆ ತಂದ ದಿನ ಅತ್ತೆ ಹುರುಪಿನಲ್ಲಿ ಎದ್ದರು. ಬ್ರಹ್ಮಾವರದ ಕಡೆಯವರು, ಹರಿವೆ ಅಂದರೆ ಅವರಿಗೆ ಹಕ್ಕಿನ ವಿಷಯ. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಅಕ್ಕಿ ತರಿ ಬೆರೆಸಿದರು. ಎರಡು ಲಾಭ. ಸಾಸಿವೆಗಿಂತ ಸಣ್ಣ ಬೀಜ ಒಂದೇ ಕಡೆ ಗುಂಪಾಗಿ ಬೀಳುವುದಿಲ್ಲ. ಇರುವೆ ಬಂದರೆ ಮೊದಲು ತರಿ ಹೊತ್ತುಕೊಂಡು ಹೋಗುತ್ತದೆ, ಬೀಜ ಉಳಿಯುತ್ತದೆ. ನಾಲ್ಕನೇ ಮಹಡಿಗೂ ಇರುವೆ ಬರುತ್ತದೆ ಅನ್ನುವುದು ಕಿಟ್ ಮಾಡಿದವರಿಗೆ ಗೊತ್ತಿದ್ದಂತಿಲ್ಲ. ಐದನೇ ದಿನ ಟ್ರೇ ತುಂಬ ಕೆಂಪು ಮೊಳಕೆ. ಒತ್ತಾಗಿ ಬಂದದ್ದನ್ನು ಕಿತ್ತು ಅತ್ತೆ ತಂಬುಳಿ ಮಾಡಿದರು.

ಐದಕ್ಕೆ ಎರಡೂವರೆ ಕೊಡುತ್ತೇನೆ. ಟ್ರೇ ಮತ್ತು ಬಿಲ್ಲೆಗೆ ಎರಡು ಅಂಕ, ಬೇಸಿಲ್‌ಗೆ ಅರ್ಧ. ಉಡುಗೊರೆ ಕೊಡುವ ಮನಸ್ಸಿದ್ದರೆ ಕೊಡಿ, ಆದರೆ ನವೆಂಬರ್‌ನಿಂದ ಜನವರಿಯೊಳಗೆ ಕೊಡಿ, ಆಗ ಲೆಟ್ಯೂಸ್ ಕೂಡ ಬರುತ್ತದೆ. ಈಗಾಗಲೇ ಮನೆಗೆ ಬಂದಿದ್ದರೆ ಬಿತ್ತುವ ಮೊದಲು ಪ್ರತಿ ಪೊಟ್ಟಣದಿಂದ ಎರಡು ಮೂರು ಬೀಜ ಒದ್ದೆ ಟಿಶ್ಯೂನಲ್ಲಿ ಮಡಚಿ, ಡಬ್ಬಿಯಲ್ಲಿ ಮುಚ್ಚಿಡಿ. ಟೊಮೆಟೊಗೆ ಒಂದು ವಾರ, ಮೆಣಸಿಗೆ ಎರಡು ವಾರ ಕಾಯಿರಿ. ಬಾಲ ಬಂದದ್ದನ್ನು ಹಾಗೇ ಬಿಲ್ಲೆಗೆ ಇಳಿಸಬಹುದು. ಒಂದೂ ಬಾರದಿದ್ದರೆ ಆ ಪೊಟ್ಟಣದ ಫೋಟೊ ತೆಗೆದು ಕಂಪನಿಗೆ ಕಳಿಸಿ, ಪರೀಕ್ಷೆಯ ತಾರೀಕು ಕೇಳಿ. ನಾನು ಕೇಳಿದ್ದೇನೆ. ಅವರು ಇನ್ನೊಂದು ಕಿಟ್‌ಗೆ ಹತ್ತು ಪರ್ಸೆಂಟ್ ಕೂಪನ್ ಕಳಿಸಿದ್ದಾರೆ.