ಒಂದೇ ಮೊಜಾರ್ಟ್, ಮೂರು ಟಿಕೆಟ್

ವಿಯೆನ್ನಾಕ್ಕೆ ಹೊರಟ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ಮೊಜಾರ್ಟ್ ಸಂಗೀತ ಕೇಳಬೇಕು, ಯಾವ ಟಿಕೆಟ್ ತಗೊಳ್ಳಲಿ? ನಾನು ಮೂರು ಥರದ ಟಿಕೆಟ್ಟಿನಲ್ಲೂ ಕೇಳಿದ್ದೇನೆ. ಮೂರು ಸಲವೂ ಅದೇ ಕೃತಿ: ಡಿ ಮೈನರ್ ಪಿಯಾನೊ ಕಾನ್ಚೆರ್ಟೊ, ಮೊಜಾರ್ಟ್ ಕೃತಿಗಳ ಪಟ್ಟಿಯಲ್ಲಿ ಕೆ. 466. ಕಾನ್ಚೆರ್ಟೊ ಅಂದರೆ ಒಂದು ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ, ಇದರಲ್ಲಿ ಮೂರು ಭಾಗ. ಅದು ಹುಟ್ಟಿದ್ದೂ ಆ ಊರಲ್ಲೇ. 1785ರ ಫೆಬ್ರವರಿ 10ಕ್ಕೆ ಬರೆದು ಮುಗಿಸಿ, ಮಾರನೇ ದಿನವೇ ಮೊಜಾರ್ಟ್ ನುಡಿಸಿದ. ಅವತ್ತು ಅವನಪ್ಪ ಊರಿಗೆ ಬಂದಿಳಿದಾಗ ವಾದಕರ ಪ್ರತಿಗಳನ್ನು ಇನ್ನೂ ನಕಲು ಮಾಡುತ್ತಿದ್ದರಂತೆ. ಕೊನೆಯ ಭಾಗವನ್ನು ಒಮ್ಮೆ ನುಡಿಸಿ ನೋಡುವುದಕ್ಕೂ ಮಗನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಮೊದಲನೆಯದು ಬೀದಿಯಲ್ಲಿ ಮಾರುವ ಟಿಕೆಟ್. ಬಿಳಿ ವಿಗ್, ಹಳೇ ಕಾಲದ ಕೋಟು ಹಾಕಿಕೊಂಡವರು ಸೇಂಟ್ ಸ್ಟೀಫನ್ ಚರ್ಚಿನ ಸುತ್ತ ನಿಂತಿರುತ್ತಾರೆ. ನಾನು ಹೋದ ಕಛೇರಿಯಲ್ಲಿ ಕಾನ್ಚೆರ್ಟೊದ ನಡುವಿನ ಭಾಗವನ್ನಷ್ಟೇ ನುಡಿಸಿ ಬೇರೆ ಹಾಡಿಗೆ ಹೋಗಿಬಿಟ್ಟರು. ಮೊದಲ ಭಾಗದ ತಳಮಳವನ್ನೆಲ್ಲ ಕೇಳಿದ ಮೇಲೆ ಬರಬೇಕಾದ ಸಮಾಧಾನ ಅದು. ಹಾಗೆ ಕಿತ್ತು ಕೊಟ್ಟರೆ ಸುಮ್ನೆ ಇಂಪಾದ ಒಂದು ರಾಗ, ಅಷ್ಟೇ. ನನಗೆ ಬೇಜಾರಾಯಿತು. ಈ ಟಿಕೆಟ್ ತಗೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ.

ಎರಡನೆಯದು ಮುಸಿಕ್‌ಫೆರೈನ್ ಎಂಬ ಸಂಗೀತ ಭವನದ ಚಿನ್ನದ ಹಾಲ್‌ನಲ್ಲಿ ನಿಂತು ಕೇಳುವುದು. 1870ರಲ್ಲಿ ಶುರುವಾದ ಹಾಲ್ ಇದು. ಕುರ್ಚಿ 1744, ನಿಲ್ಲುವವರಿಗೆ ಹಿಂದುಗಡೆ ಸುಮಾರು 300 ಜಾಗ. ದುಡ್ಡು ಕುರ್ಚಿಗಿಂತ ಎಷ್ಟೋ ಕಡಿಮೆ. ನನ್ನ ಪಕ್ಕದ ಅಜ್ಜಿ ಬಂದವರೇ ಮುಂದಿನ ಕಂಬಿಗೆ ಸ್ಕಾರ್ಫ್ ಕಟ್ಟಿದರು. ನಾವು ಬಸ್ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಹಾಗೆ.

ಅಲ್ಲಿಂದ ವೇದಿಕೆ ಸರಿಯಾಗಿ ಕಾಣುವುದಿಲ್ಲ. ತಲೆಗಳ ನಡುವೆ ಪಿಯಾನೊದ ಎತ್ತಿದ ಮುಚ್ಚಳ ಮಾತ್ರ ಕಂಡಿತು. ಆದರೆ ಆ ದನಿ! ಈ ಕಾನ್ಚೆರ್ಟೊ ಶುರುವಾಗುವುದೇ ಮೆಲ್ಲಗೆ. ಕೆಳಗೆ ಚೆಲ್ಲೊ, ಬೇಸ್‌ಗಳು ದೂರದ ಗುಡುಗಿನ ಹಾಗೆ. ಮೇಲೆ ಪಿಟೀಲುಗಳು ತಾಳದ ಪೆಟ್ಟಿನ ಮೇಲೆ ಬೀಳದೆ ಪೆಟ್ಟುಗಳ ನಡುವೆಯೇ ಮಿಡಿಯುತ್ತವೆ. ಅಷ್ಟು ಸಣ್ಣ ಸದ್ದು ಇಡೀ ಹಾಲ್ ದಾಟಿ ನನ್ನ ಹತ್ತಿರ ಬಂದಾಗಲೂ ತುಂಬಿಕೊಂಡೇ ಇತ್ತು. ಹಾಲ್ ಉದ್ದನೆಯ ಪೆಟ್ಟಿಗೆಯ ಆಕಾರದ್ದು, ಅಗಲ 19 ಮೀಟರ್ ಅಷ್ಟೇ. ಪಕ್ಕದ ಗೋಡೆಗಳಿಂದ ದನಿ ಬೇಗ ತಿರುಗಿ ಬರುತ್ತದೆ. ನೆಲದ ಕೆಳಗೆ ಟೊಳ್ಳು, ಮೇಲ್ಛಾವಣಿಯನ್ನು ತೂಗುಹಾಕಿದ್ದಾರೆ. ತಂಬೂರಿಯ ಬುರುಡೆಯೊಳಗೆ ನಿಂತ ಹಾಗಾಯಿತು ನನಗೆ. ಪಿಯಾನೊ ಮೊದಲ ಸಲ ಒಂಟಿಯಾಗಿ ಬಂದಾಗ ಅಜ್ಜಿ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ.

ಮೂರನೆಯದು ಅದೇ ಹಾಲ್‌ನಲ್ಲಿ, ಎಡಗಡೆ ಬಾಲ್ಕನಿಯ ಮೊದಲ ಸಾಲು. ಅಮ್ಮ ಬಂದಿದ್ದರು, ಎರಡು ಗಂಟೆ ನಿಲ್ಲುವುದು ಅವರಿಗೆ ಆಗದು. ಪಿಯಾನೊ ನುಡಿಸುವವರ ಕೈ ಕಾಣುವುದು ಎಡಗಡೆಯಿಂದಲೇ. ಮೊದಲ ಸಾಲೇ ಬೇಕು, ಹಿಂದೆ ಕೂತರೆ ಕತ್ತು ಚಾಚಿ ಸಾಕಾಗುತ್ತದೆ.

ಇಲ್ಲಿ ದನಿ ಒಂದಾಗಿ ಬೆರೆಯುವುದಿಲ್ಲ. ಪಿಯಾನೊದ ಮುಚ್ಚಳ ತೆರೆಯುವುದು ಸಭೆಯ ಕಡೆಗೆ. ಹಾಗಾಗಿ ನಮಗೆ ಪಿಯಾನೊ ಸ್ವಲ್ಪ ತೆಳುವಾಗಿ ಕೇಳಿತು, ಓಬೋ, ಬಸೂನ್ ಎಂಬ ಊದುವ ವಾದ್ಯಗಳು ಜಾಸ್ತಿ ಹತ್ತಿರ. ಮೊದಲ ಭಾಗದ ಮಟ್ಟಿಗೆ ಇದು ನಷ್ಟವೇ. ಆದರೆ ನಡುವಿನ ಭಾಗದಲ್ಲಿ ಇದ್ದಕ್ಕಿದ್ದಂತೆ ಬಿರುಗಾಳಿ ಏಳುತ್ತದೆ. ಒಂದು ಕೈ ಬಿಡುವಿಲ್ಲದೆ ಓಡುತ್ತಿದ್ದರೆ ಇನ್ನೊಂದು ಅದನ್ನು ದಾಟಿ ಆಚೆ ಹೋಗಿ ನುಡಿಸುತ್ತದೆ. ಹಾರ್ಮೋನಿಯಂ ನುಡಿಸುವ ಅಮ್ಮ ನನ್ನ ತೋಳು ಹಿಡಿದು ಪಿಸುಗುಟ್ಟಿದರು, “ನೋಡೋ, ಕೈ ಮೇಲೆ ಕೈ ಹಾಕ್ತಾಳೆ!” ಎರಡು ಸಲ ಕೇಳಿದ್ದರೂ ನನಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಬಂದದ್ದು ಕೆಡೆನ್ಜಾ, ಅಂದರೆ ಉಳಿದವರೆಲ್ಲ ಸುಮ್ಮನಾಗಿ ಪಿಯಾನೊ ಮಾತ್ರ ಕೇಳುವ ಜಾಗ. ಪಿಯಾನೊದಾಕೆ ಒಬ್ಬಳೇ ನುಡಿಸಿದಳು. ಮೊಜಾರ್ಟ್ ಬರೆದ ಕೆಡೆನ್ಜಾ ಇದಕ್ಕೆ ಉಳಿದಿಲ್ಲ, ಅವತ್ತು ನುಡಿಸಿದ್ದು ಬೀಥೋವನ್ ಬರೆದದ್ದು. ಆಗ ಹಾರ್ನ್ ಊದುವವನೊಬ್ಬ ವಾದ್ಯ ತಿರುಗಿಸಿ ಒಳಗೆ ಉಸಿರಿನಿಂದ ಕೂಡಿದ ನೀರು ಚೆಲ್ಲಿ, ಮತ್ತೆ ತುಟಿಗೆ ಇಟ್ಟುಕೊಂಡು ಕಾದು ಕೂತ.

ಮೊದಲ ಸಲ ಕೇಳುವವರಿಗೆ, ಕಾಲಲ್ಲಿ ಶಕ್ತಿ ಇದ್ದರೆ, ನಾನು ನಿಲ್ಲುವ ಜಾಗವನ್ನೇ ಹೇಳುತ್ತೇನೆ. ಬೇಗ ಹೋಗಿ ಕಂಬಿ ಹಿಡಿಯಿರಿ. ಸ್ವತಃ ವಾದ್ಯ ನುಡಿಸುವವರು ದುಡ್ಡು ಜಾಸ್ತಿಯಾದರೂ ಎಡಗಡೆಯ ಮೊದಲ ಸಾಲು ತಗೊಳ್ಳಿ. ಅಮ್ಮ ಊರಿಗೆ ವಾಪಸ್ ಹೋದ ಮೇಲೂ ಫೋನಿನಲ್ಲಿ ಆ ಕೈಗಳ ಬಗ್ಗೆಯೇ ಕೇಳುತ್ತಿದ್ದರು.